ನಕ್ಕೋ ಎನ್ನಲಾಗದ ದಾವತ್

ಪಾತ್ರೆ ಆರಿಸುವುದು ಹೆಂಗಸರ ಕೆಲಸ, ಪಾತ್ರೆಗೆ ಹಣ ಕೊಡುವುದು ಗಂಡಸರ ಕೆಲಸ. ನಮ್ಮ ಕಡೆಯ ಮನೆಗಳಲ್ಲಿ ಈ ಲೆಕ್ಕ ಬಹಳ ಕಾಲದಿಂದ ನಡೆದು ಬಂದಿದೆ. ಇದನ್ನು ನಮಗಿಂತ ಚೆನ್ನಾಗಿ ಅರಿತವರು ಪಾತ್ರೆ ಮಾರುವ ಕಂಪನಿಯವರು. ಹೆಂಡತಿ ಒಬ್ಬಳೇ ಸಿಕ್ಕರೆ ‘ಇವರನ್ನು ಕೇಳಿ ಹೇಳ್ತೀನಿ’ ಎನ್ನುತ್ತಾಳೆ. ಗಂಡ ಒಬ್ಬನೇ ಸಿಕ್ಕರೆ ‘ಮನೇಲಿ ಕೇಳ್ಬೇಕು’ ಎನ್ನುತ್ತಾನೆ. ಇಬ್ಬರ ನಡುವೆ ವ್ಯಾಪಾರ ಜಾರಿ ಹೋಗುತ್ತದೆ. ಹಾಗೆ ಜಾರದಂತೆ ಇಬ್ಬರನ್ನೂ ಒಂದೇ ಸಂಜೆ ಒಂದೇ ಜಮಖಾನದ ಮೇಲೆ ಕೂರಿಸಿ, ಕಣ್ಣೆದುರೇ ಅಡುಗೆ ಮಾಡಿ, ಮಾಡಿದ್ದನ್ನು ಬಡಿಸಿ, ಅವರು ಕೈ ತೊಳೆದು ಬರುವ ಹೊತ್ತಿಗೆ ಆರ್ಡರ್ ಪುಸ್ತಕ ತೆರೆದಿಟ್ಟರೆ ಹೇಗೆ? ದಂಪತಿಗಳಿಗಾಗಿ ಮನೆಯಲ್ಲೇ ನಡೆಯುವ ಅಡುಗೆ ಪ್ರಾತ್ಯಕ್ಷಿಕೆಯ ಗುಟ್ಟು ಇಷ್ಟೇ. ಕಂಪನಿಯವರು ಅದನ್ನು ‘ಪಾರ್ಟಿ’ ಎನ್ನುತ್ತಿದ್ದರು. ನಮ್ಮ ಮೊಹಲ್ಲಾದಲ್ಲಿ ಅದು ‘ಪಾತ್ರೆ ದಾವತ್’ ಆಯಿತು.

2008ರಿಂದ 2011ರವರೆಗೆ ನಾವು ಇಂಥ 11 ದಾವತ್‌ಗಳನ್ನು ನಡೆಸಿದ್ದೇವೆ. ಚನ್ನಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ 5, ಹೊನ್ನಾಳಿಯಲ್ಲಿ 3, ಆಗಿನ್ನೂ ಹೊನ್ನಾಳಿ ತಾಲೂಕಿಗೇ ಸೇರಿದ್ದ ನ್ಯಾಮತಿಯಲ್ಲಿ 2, ಜಗಳೂರಿನಲ್ಲಿ 1. (ನ್ಯಾಮತಿ ತಾಲೂಕಾದದ್ದು 2018ರಲ್ಲಿ.) ಚನ್ನಗಿರಿ ಬಿಟ್ಟರೆ ಉಳಿದವೆಲ್ಲ ನಮ್ಮ ನೆಂಟರ ಮನೆಗಳು, ಆದರೆ ಕರೆಯುವವರು ನಾವೇ. ನಾವು ಎಂದರೆ ಗಂಡ ಹೆಂಡತಿ. ನಮ್ಮಲ್ಲಿ ಒಬ್ಬರು ಉರ್ದು ಶಾಲೆಯಲ್ಲಿ ಪಾಠ ಹೇಳುವವರು, ಇನ್ನೊಬ್ಬರು ಕಥೆ ಬರೆಯುವವರು. ಬರೆಯುವ ಕೈ ಒಂದೇ ಆದರೂ ಈ ವಿಷಯದಲ್ಲಿ ಮಾತು ಇಬ್ಬರದೂ.

ಮಾರುತ್ತಿದ್ದವರು ಆಪಾ, ನಮ್ಮ ದೊಡ್ಡಪ್ಪನ ಮಗಳು. ಗಂಡ ಸೌದಿಗೆ ಹೋದವನು ಮೊದಲ ಎರಡು ವರ್ಷ ಹಣ ಕಳಿಸಿದ, ಮೂರನೇ ವರ್ಷ ಬರೀ ಫೋನ್ ಮಾಡಿದ, ಆಮೇಲೆ ಅದೂ ನಿಂತಿತು. ಆರನೇ ತರಗತಿಯ ಮಗನನ್ನು ಇಟ್ಟುಕೊಂಡು ಆಪಾ ದಾವಣಗೆರೆಯಲ್ಲಿ ಒಂದು ಕೋಣೆಯ ಮನೆಯಲ್ಲಿದ್ದರು. ಪಾತ್ರೆ ಕಂಪನಿಯೊಂದು ಹೆಂಗಸರಿಗೆ ತರಬೇತಿ ಕೊಡುತ್ತದೆ ಎಂದು ಕೇಳಿ ಹೋಗಿ ಸೇರಿಕೊಂಡರು. ಕಂಪನಿಯ ಹೆಸರು ಇಲ್ಲಿ ಬೇಡ. ಮಾರಿದ್ದರಲ್ಲಿ ನೂರಕ್ಕೆ 15 ರೂಪಾಯಿ ಅವರಿಗೆ. ಮನೆ ಕೊಟ್ಟ ಆತಿಥೇಯರಿಗೆ ಮೂರು ಆರ್ಡರ್ ಬಿದ್ದರೆ ಒಂದು ಸಣ್ಣ ಬಾಣಲೆ. ಕಡಿಮೆಯೆಂದರೂ ಆರು ಜೋಡಿ ಸೇರಿಸಬೇಕು, ಜೋಡಿಯಾಗಿಯೇ ಬರಬೇಕು. ಆಪಾ ಸಿಕ್ಕಿಬಿದ್ದದ್ದು ಈ ಕಡೆಯ ಷರತ್ತಿನಲ್ಲಿ. ಒಂಟಿ ಹೆಂಗಸು ಗಂಡ ಹೆಂಡಿರನ್ನು ಸಂಜೆ ಹೊತ್ತು ತನ್ನ ಮನೆಗೆ ಕರೆಯುವಂತಿಲ್ಲ. ಕರೆದರೂ ಯಾರೂ ಬರುವುದಿಲ್ಲ, ಬಂದವರ ಬಗ್ಗೆ ಮಾತು ಬೇರೆ. ಜೋಡಿಗಳನ್ನು ಕರೆಯಲು ಒಂದು ಜೋಡಿಯ ಮನೆ ಬೇಕು. ಹಾಗೆ ನಾವು ಬೇಕಾದೆವು.

ಆಪಾ ದಾವಣಗೆರೆಯಿಂದ ಖಾಸಗಿ ಬಸ್ಸಿನಲ್ಲಿ ಬರುತ್ತಿದ್ದರು. ಬುರ್ಖಾ ತೊಟ್ಟು, ಎರಡು ಕೈಯಲ್ಲಿ ಎರಡು ಭಾರದ ಚೀಲ. ಒಳಗೆ ಹಳೆ ಸೀರೆಯ ತುಂಡು ಸುತ್ತಿದ ಏಳು ಪಾತ್ರೆ, ನಾಲ್ಕು ಮುಚ್ಚಳ. ಎಷ್ಟು ಸುತ್ತಿದರೂ ಗುಂಡಿ ಬಿದ್ದ ರಸ್ತೆಯಲ್ಲಿ ಅವು ಗಲಗಲ ಎನ್ನುತ್ತಿದ್ದವು. ಒಬ್ಬ ಕಂಡಕ್ಟರ್ ಲಗೇಜು ಟಿಕೆಟ್ ಹರಿದು ಕೊಟ್ಟು, ‘ಏನ್ ಅಮ್ಮಾ, ಮದ್ವಿ ಸಾಮಾನಾ?’ ಎಂದು ಕೇಳಿದನಂತೆ. ಆಪಾ ನಗುತ್ತಾ ಹೇಳಿದ ಆ ಮಾತು ಎರಡು ವರ್ಷದ ಮೇಲೆ ಜಗಳೂರಿನಲ್ಲಿ ನಿಜವಾಯಿತು. ಅದು ಆಮೇಲೆ.

ಮೊದಲ ದಾವತ್‌ನಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಕೂರಿಸುವುದು. ಬಂದ ಏಳು ಜೋಡಿಯಲ್ಲಿ ಐದು ನಮ್ಮವರು. ಗಂಡಸರು ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ಕುಳಿತರು, ಹೆಂಗಸರು ಸೀದಾ ಒಳಗೆ ಹೋದರು. ಕಂಪನಿಯ ತರಬೇತಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆಪಾ ಒಂದು ಗಳಿಗೆ ಯೋಚಿಸಿ ಗ್ಯಾಸ್ ಒಲೆಯನ್ನು ಎತ್ತಿ ತಂದು ಪಡಸಾಲೆಗೂ ಒಳಮನೆಗೂ ನಡುವಿನ ಹೊಸ್ತಿಲ ಮೇಲೆ ಒಂದು ಹಲಗೆ ಹಾಕಿ ಇಟ್ಟರು. ಸಿಲಿಂಡರ್ ಒಳಗೆ, ಒಲೆ ಬಾಗಿಲಲ್ಲಿ. ಆ ಕಡೆಯವರೂ ನೋಡಬಹುದು, ಈ ಕಡೆಯವರೂ ನೋಡಬಹುದು, ಒಬ್ಬರನ್ನೊಬ್ಬರು ನೋಡಲೇಬೇಕೆಂದಿಲ್ಲ. ಒಗ್ಗರಣೆಯ ಹೊಗೆ ಮಾತ್ರ ಎರಡೂ ಕಡೆ ಹೋಯಿತು. ನಡುವೆ ಕರೆಂಟ್ ಹೋಗಿ, ಎಮರ್ಜೆನ್ಸಿ ಲೈಟನ್ನು ಒಲೆಯ ಪಕ್ಕ ಇಟ್ಟಾಗ ಎಲ್ಲರೂ ಬೆಳಕಿನ ಕಡೆಗೆ ಸರಿದು ಬಂದರು. ಯಾರೂ ಹೇಳದೆಯೇ ಎರಡು ಗುಂಪು ಒಂದಾಯಿತು. ಮೂರನೆಯ ದಾವತ್ ಹೊತ್ತಿಗೆ ಜೋಡಿ ಜೋಡಿ ಕುರ್ಚಿ ಹಾಕುವಷ್ಟು ಧೈರ್ಯ ಬಂದಿತ್ತು. ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತಂದ ಕುರ್ಚಿಗಳು. ತಮ್ಮ ನಿಕಾಹ್ ಆದ ಮೇಲೆ ಜನರೆದುರು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕುಳಿತದ್ದು ಇದೇ ಮೊದಲು ಎಂದು ಒಬ್ಬ ಹಿರಿಯರು ಚಾಚಿಯ ಮುಖ ನೋಡದೆ ಹೇಳಿದರು.

ಉಳಿದ ಎರಡು ಜೋಡಿ ನಮ್ಮ ಬೀದಿಯ ಲಿಂಗಾಯತರು. ಇಬ್ಬರೂ ಅಡಕೆ ತೋಟದವರು, ಬಹಳ ವರ್ಷದ ನೆರೆಹೊರೆ. ರಂಜಾನ್‌ಗೆ ನಾವು ಕಳಿಸುತ್ತಿದ್ದದ್ದು ಖರ್ಜೂರ, ಬಾಳೆಹಣ್ಣು. ದೀಪಾವಳಿಗೆ ಅವರು ಕಳಿಸುತ್ತಿದ್ದದ್ದು ಹೋಳಿಗೆ. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಅವರು ತಿಂದಿರಲಿಲ್ಲ. ನಾವೂ ಒತ್ತಾಯ ಮಾಡಿದವರಲ್ಲ. ಅಂದು ಆ ಅಕ್ಕಾರು ಆಪಾಳ ಬಾಣಲೆಯನ್ನು ಕೈಯಲ್ಲಿ ಹಿಡಿದು, ‘ಹೊಸಾ ಪಾತ್ರೆ ಅಲ್ವೇನ್ರೀ? ಇದ್ರಾಗೆ ಬ್ಯಾರೆ ಏನೂ ಬೇಯ್ಸಿಲ್ಲ ತಾನೆ?’ ಎಂದು ಕೇಳಿದರು. ಪ್ರಾತ್ಯಕ್ಷಿಕೆಯ ಪಾತ್ರೆಯಲ್ಲಿ ಮಾಂಸ ಮಾಡಬಾರದೆಂಬುದು ಆಪಾ ತಾವೇ ಮಾಡಿಕೊಂಡ ನಿಯಮ. ‘ಇಲ್ಲ ಅಕ್ಕಾ, ಮಗನ ಆಣೆ’ ಎಂದರು. ಕಣ್ಣೆದುರೇ ತೊಳೆದ ಪಾತ್ರೆ, ಕಣ್ಣೆದುರೇ ಹೆಚ್ಚಿದ ಕ್ಯಾರೆಟ್ಟು, ಬೀನ್ಸು. ಅವರು ಉಂಡರು, ಎರಡನೇ ಸಲ ಹಾಕಿಸಿಕೊಂಡರು. ವರ್ಷಗಟ್ಟಲೆಯ ಸ್ನೇಹ ಮಾಡಲಾಗದ್ದನ್ನು ಒಂದು ಹೊಸ ಸ್ಟೀಲ್ ಬಾಣಲೆ ಮಾಡಿತು. ಇದರಲ್ಲಿ ಸಂತೋಷಪಡುವುದೋ ಬೇಸರಪಡುವುದೋ ಎಂದು ನಾವು ಬಹಳ ದಿನ ಮಾತಾಡಿಕೊಂಡೆವು. ಈಗಲೂ ನಮ್ಮಲ್ಲಿ ಒಬ್ಬರದು ಸಂತೋಷ, ಒಬ್ಬರದು ಬೇಸರ.

ಅಡುಗೆಯ ಆಟ ನೋಡುವಂತೆಯೇ ಇರುತ್ತಿತ್ತು. ಮೊದಲು ಖಾಲಿ ಬಾಣಲೆ ಕಾಯಿಸಿ ಒಂದು ಹನಿ ನೀರು ಬಿಡುವುದು. ಕಾವು ಸಾಲದಿದ್ದರೆ ಹನಿ ಚೊಂಯ್ ಎಂದು ಹಾರಿ ಹೋಗುತ್ತದೆ. ಹದ ಬಂದಿದ್ದರೆ ಮುತ್ತಿನಂತೆ ದುಂಡಗಾಗಿ ಬಾಣಲೆ ತುಂಬ ಓಡಾಡುತ್ತದೆ. ಹನಿಯ ಅಡಿಯಲ್ಲಿ ಹಬೆಯ ಹಾಸು ಹುಟ್ಟಿ ಅದನ್ನು ಎತ್ತಿ ಹಿಡಿಯುವುದರಿಂದ ಹೀಗೆ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಆಮೇಲೆ ನೀರಿಲ್ಲದೆ ತರಕಾರಿ ಬೇಯಿಸುವುದು. ಕ್ಯಾರೆಟ್, ಬೀನ್ಸ್‌ನಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ನೀರೇ ಇದೆ. ಸ್ಟೀಲಿನ ನಡುವೆ ಅಲ್ಯುಮಿನಿಯಂ ಪದರ ಇಟ್ಟು ಮಾಡಿದ ದಪ್ಪ ತಳ ಕಾವನ್ನು ಸಮನಾಗಿ ಹರಡುತ್ತದೆ, ಭಾರದ ಮುಚ್ಚಳ ಹಬೆಯನ್ನು ಬಿಡುವುದಿಲ್ಲ, ತರಕಾರಿ ತನ್ನ ನೀರಿನಲ್ಲೇ ಬೇಯುತ್ತದೆ. ಇಷ್ಟು ಸತ್ಯ. ಪಾತ್ರೆ ಒಳ್ಳೆಯದೇ ಇತ್ತು, ಸುಳ್ಳು ಹೇಳಬಾರದು.

ಕಡೆಗೆ ಸೋಡಾ ಪರೀಕ್ಷೆ. ಅದಕ್ಕೆ ಆತಿಥೇಯರ ಮನೆಯದೇ ಒಂದು ಅಲ್ಯುಮಿನಿಯಂ ಪಾತ್ರೆ ಬೇಕು. ಅದರಲ್ಲೂ ಆಪಾಳ ಸ್ಟೀಲಿನಲ್ಲೂ ನೀರಿಗೆ ಅಡುಗೆ ಸೋಡಾ ಹಾಕಿ ಕುದಿಸಿ, ಎರಡು ಗಾಜಿನ ಲೋಟಕ್ಕೆ ಸುರಿದು ಜೋಡಿಗಳಿಗೆ ರುಚಿ ನೋಡಿ ಎನ್ನುವುದು. ಅಲ್ಯುಮಿನಿಯಂ ನೀರು ಮಬ್ಬಾಗಿ, ಬಾಯಿಗಿಟ್ಟರೆ ಲೋಹದ ವಾಸನೆ. ‘ಇಷ್ಟು ವರ್ಷ ನಿಮ್ಮ ಮಕ್ಕಳು ಕುಡಿದದ್ದು ಇದನ್ನೇ’ ಎಂಬುದು ತರಬೇತಿಯಲ್ಲಿ ಕಲಿಸಿದ ವಾಕ್ಯ. ಹೆಂಗಸರ ಮುಖ ಬಾಡುತ್ತಿತ್ತು. ಹೊನ್ನಾಳಿಯಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರು ಎದ್ದು, ‘ಸೋಡಾ ಕ್ಷಾರ ಕಣಮ್ಮ, ಅಲ್ಯುಮಿನಿಯಮ್ಮಿನ ಮೇಲ್ಪದರ ತಿಂತದೆ. ಸೋಡಾ ನೀರು ಕುದಿಸಿ ಯಾರು ಕುಡೀತಾರೆ?’ ಎಂದರು. ಸರಿಯಾದ ಪ್ರಶ್ನೆ. ಹುಣಸೆಯ ಖಟ್ಟಾವನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಇಡಬಾರದು ಎಂದು ನಮ್ಮ ದಾದಿಯರಿಗೆ ಯಾವ ಪ್ರಾತ್ಯಕ್ಷಿಕೆಯೂ ಇಲ್ಲದೆ ಗೊತ್ತಿತ್ತು. ಆ ಸಂಜೆಯ ನಂತರ ಆಪಾ ಪರೀಕ್ಷೆ ಮಾಡುತ್ತಿದ್ದರು, ಆ ವಾಕ್ಯವನ್ನು ಮಾತ್ರ ಬಿಟ್ಟರು.

ಅದೇ ಹೊನ್ನಾಳಿಯಲ್ಲಿ ಇನ್ನೊಬ್ಬರನ್ನು ಮರೆಯುವಂತಿಲ್ಲ. ಶಾದಿಗಳಲ್ಲಿ ಬಿರಿಯಾನಿ ಮಾಡುವ ಬಾವರ್ಚಿ. ಐನೂರು ಜನಕ್ಕೆ ಸೌದೆ ಒಲೆಯ ಮೇಲೆ ದೇಗು ಏರಿಸಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ದಮ್ ಕೊಡುವವರು. ಹೆಂಡತಿಯ ಜೊತೆ ಬಂದು ಕೈಕಟ್ಟಿ ಕುಳಿತಿದ್ದರು. ಮುಚ್ಚಳ ಹಬೆ ಹಿಡಿಯುತ್ತದೆ ಎಂದು ಆಪಾ ವಿವರಿಸಿದಾಗ ಅವರಿಗೆ ತಡೆಯಲಾಗಲಿಲ್ಲ. ‘ಬೇಟಿ, ಇದಕ್ಕೆ ದಮ್ ಅಂತಾರೆ. ನಾವು ಹಿಟ್ಟಿನಲ್ಲಿ ಮಾಡೋದನ್ನ ಅವರು ಸ್ಟೀಲಿನಲ್ಲಿ ಮಾಡವ್ರೆ. ಇದ್ರಲ್ಲಿ ಹತ್ತು ಸೇರು ಅಕ್ಕಿ ಬೇಯುತ್ತಾ?’ ಎಲ್ಲರೂ ನಕ್ಕರು. ಆಗ ಅವರ ಹೆಂಡತಿ ಮೆಲ್ಲಗೆ, ‘ಊರಿಗೆಲ್ಲ ಮಾಡಿ ಹಾಕ್ತಾರೆ, ಮನೇಲಿ ಒಂದಿನ ಚಾ ಮಾಡಿಲ್ಲ’ ಎಂದರು. ನಗು ನಿಂತಿತು. ಆಪಾ ಸೌಟನ್ನು ಬಾವರ್ಚಿಯ ಕೈಗೆ ಕೊಟ್ಟರು. ಅವರು ಎದ್ದು ಬಂದು, ಐದು ಜನರ ಪಾತ್ರೆಯಲ್ಲಿ ಎಷ್ಟು ಉಪ್ಪು ಹಾಕಬೇಕೆಂದು ತಿಳಿಯದೆ ಹೆಂಡತಿಯ ಕಡೆ ನೋಡಿದರು. ಆಕೆ ಬೆರಳಿನಲ್ಲಿ ಅಳತೆ ತೋರಿಸಿದರು. ಹನ್ನೊಂದು ದಾವತ್‌ಗಳಲ್ಲಿ ನಾವು ಕಂಡ ಅತ್ಯಂತ ಚೆಂದದ ಗಳಿಗೆ ಅದು. ಅವರು ಏನೂ ಕೊಳ್ಳಲಿಲ್ಲ.

ಬೀದಿಯಲ್ಲಿ ಅಡುಗೆ ಪಾತ್ರೆಯ ಆಟ ತೋರಿಸುವುದು ನಮ್ಮ ಊರುಗಳಿಗೆ ಹೊಸದಲ್ಲ. ಕಲಾಯಿ ಸಾಬಿ ಬಂದು ಬೇವಿನ ಮರದ ಕೆಳಗೆ ಕುಳಿ ತೋಡಿ, ತಿದಿ ಒತ್ತಿ, ತಾಮ್ರದ ಪಾತ್ರೆ ಕಾಯಿಸಿ, ತವರದ ಕಡ್ಡಿ ತಾಗಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆಯ ನಡುವೆ ಹತ್ತಿಯುಂಡೆಯಿಂದ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆ ಬೆಳ್ಳಿಯಾಗುತ್ತಿತ್ತು. ಬಾಗಿಲ ಮರೆಯಿಂದ ಹೆಂಗಸರು ನೋಡುತ್ತಿದ್ದರು. ಆದರೆ ಆತ ಯಾರ ಮನೆಯ ಅನ್ನವನ್ನೂ ತನ್ನ ವ್ಯಾಪಾರಕ್ಕೆ ಬಳಸಲಿಲ್ಲ. ಇದ್ದ ಪಾತ್ರೆಯನ್ನೇ ಉಳಿಸಿಕೊಟ್ಟು ಕೂಲಿ ಪಡೆದು ಹೋಗುತ್ತಿದ್ದ. ಮನೆಯ ಆತಿಥ್ಯವನ್ನೇ ಅಂಗಡಿ ಮಾಡುವ ವಿದ್ಯೆ ಬಂದದ್ದು ಅಮೆರಿಕದಿಂದ. ಟಪ್ಪರ್‌ವೇರ್ ಡಬ್ಬಿಗಳ ಕಥೆ ಅನೇಕರಿಗೆ ಗೊತ್ತು. ಅರ್ಲ್ ಟಪ್ಪರ್ ಎಂಬವರು 1946ರಲ್ಲಿ ಮಾರುಕಟ್ಟೆಗೆ ತಂದ ಡಬ್ಬಿಗಳನ್ನು ಅಂಗಡಿಯಲ್ಲಿ ಕೇಳುವವರಿರಲಿಲ್ಲ. ಗಂಡನಿಂದ ಬೇರೆಯಾಗಿ ಒಬ್ಬ ಮಗನನ್ನು ಸಾಕುತ್ತಿದ್ದ ಬ್ರೌನಿ ವೈಸ್ ಎಂಬ ಹೆಂಗಸು ಅವುಗಳನ್ನು ಮನೆಮನೆಯ ಪಾರ್ಟಿಗಳಲ್ಲಿ ಮಾರಿ ತೋರಿಸಿದರು. 1951ರಲ್ಲಿ ಟಪ್ಪರ್ ಆಕೆಯನ್ನು ಕಂಪನಿಯ ಉಪಾಧ್ಯಕ್ಷೆ ಮಾಡಿ, ಡಬ್ಬಿಗಳನ್ನು ಅಂಗಡಿಗಳಿಂದಲೇ ತೆಗೆಸಿದರು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ ಬಂತು. ಆ ಮುಖಪುಟ ಏರಿದ ಮೊದಲ ಹೆಂಗಸು. 1958ರಲ್ಲಿ ಆಕೆಯನ್ನು ಕೆಲಸದಿಂದ ತೆಗೆದರು. ಕಂಪನಿಯಲ್ಲಿ ಆಕೆಗೆ ಒಂದು ಷೇರೂ ಇರಲಿಲ್ಲ. ಒಂದು ವರ್ಷದ ಸಂಬಳ ಕೊಟ್ಟು ಕಳಿಸಿದರು. ಭಾರತಕ್ಕೆ ಆ ಡಬ್ಬಿಗಳು ಬಂದದ್ದು 1996ರಲ್ಲಿ. 1998ರಲ್ಲಿ ವ್ಯಾಪಾರ ಆರಂಭಿಸಿದ ಆಮ್‌ವೇ ಗಂಡ ಹೆಂಡತಿ ಜೋಡಿಯಾಗಿ ಸೇರುವುದನ್ನು ಊರೂರಿಗೆ ಪರಿಚಯಿಸಿತು. ಆಪಾಳ ಕಂಪನಿ ಇವೆರಡೂ ಅಲ್ಲ, ಇವನ್ನು ನೋಡಿ ಹುಟ್ಟಿದ ಚಿಕ್ಕದೊಂದು. ಬ್ರೌನಿ ವೈಸ್ ಕಥೆಯನ್ನು ನಾವು ಆಪಾಗೆ ಹೇಳಿದಾಗ ಅವರು ಕೇಳಿದ್ದು ಒಂದೇ: ‘ಅವಳ ಮಗ ಏನಾದ?’

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ದಖ್ಖನಿಯಲ್ಲಿ ‘ನಕ್ಕೋ’ ಎಂಬ ಒಳ್ಳೆಯ ಮಾತಿದೆ. ಬೇಡ ಎಂದು ಅರ್ಥ. ತರಕಾರಿ ಗಾಡಿಯವನಿಗೆ, ಬಳೆಗಾರನಿಗೆ, ಸೀರೆ ಗಂಟಿನವನಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು. ಅದೇ ಮಾತು ದಸ್ತರ್‌ಖಾನದ ಮುಂದೆ ನಾಲಿಗೆಯ ಮೇಲೆ ಬರುವುದಿಲ್ಲ. ಉರ್ದುವಿನಲ್ಲಿ ಇದಕ್ಕೆ ಮುರವ್ವತ್ ಎನ್ನುತ್ತಾರೆ, ಕನ್ನಡದಲ್ಲಿ ದಾಕ್ಷಿಣ್ಯ, ಮುಲಾಜು. ಉಪ್ಪುಂಡ ಮನೆಗೆ ಬೇಡ ಎನ್ನಲಾಗದ ಸಂಕೋಚ. ಊರು ಬಾಳುವುದು ಈ ಸಂಕೋಚದಿಂದಲೇ. ಮದುವೆ, ಮೌತ್, ಆಸ್ಪತ್ರೆ ಎಂದಾಗ ಜನ ಬರುವುದು ಇದರಿಂದ. ಕಂಪನಿ ತನ್ನ ಬಂಡವಾಳವನ್ನು ಸ್ಟೀಲಿನಲ್ಲಿ ಹೂಡಿತ್ತು ಎನ್ನುವುದಕ್ಕಿಂತ ಈ ಸಂಕೋಚದಲ್ಲಿ ಹೂಡಿತ್ತು ಎನ್ನಬೇಕು. ಇದಕ್ಕೆ ಅದು ಒಂದು ಪೈಸೆ ಖರ್ಚು ಮಾಡಿರಲಿಲ್ಲ. ಅದನ್ನು ಬೆಳೆಸಿದವರು ನಮ್ಮ ತಾಯಂದಿರು, ನೆರೆಯ ಅಕ್ಕಂದಿರು.

ಜೋಡಿಯಾಗಿ ಕೂರಿಸಿದಾಗ ಈ ಸಂಕೋಚ ಇಮ್ಮಡಿಯಾಗುತ್ತದೆ. ಹೆಂಡತಿ ಆಸೆಪಟ್ಟದ್ದನ್ನು ಎಲ್ಲರ ಮುಂದೆ ಬೇಡ ಎಂದರೆ ಗಂಡನ ಮಾನ ಹೋಗುತ್ತದೆ. ಗಂಡ ಹೂಂ ಎಂದದ್ದನ್ನು ಬೇಡ ಎಂದರೆ ಹೆಂಡತಿ ಬಾಯಿಬಡುಕಿ. ಪಕ್ಕದ ಜೋಡಿ ಬರೆಸಿತೆಂದರೆ ಇನ್ನೂ ಕಷ್ಟ. ನ್ಯಾಮತಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಪೆನ್ನು ಕೈಗೆ ತೆಗೆದುಕೊಂಡಾಗಿತ್ತು. ಏನೋ ನೆನಪಾದವರಂತೆ ಹೆಂಡತಿಯ ಕಡೆ ತಿರುಗಿ, ‘ನಿನಗೆ ಬೇಕಾ?’ ಎಂದು ಕೇಳಿದರು. ಕೋಣೆಯೆಲ್ಲ ಕೇಳುವಂತೆ ಆಕೆ, ‘ನಕ್ಕೋ ಜೀ. ಅಷ್ಟು ದುಡ್ಡಿಗೆ ಒಂದು ಹಸು ಬರುತ್ತೆ’ ಎಂದರು. ಅಂದು ಆಪಾಗೆ ಒಂದು ಆರ್ಡರ್ ತಪ್ಪಿತು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಆಪಾ, ‘ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ’ ಎಂದು ಅರ್ಧಕ್ಕೆ ನಿಲ್ಲಿಸಿದರು.

2010ರ ಬೇಸಿಗೆಯಲ್ಲಿ ಜಗಳೂರಿಗೆ ಹೋದೆವು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಚನ್ನಗಿರಿಯ ತೋಟದ ನೆರಳು ಬಿಟ್ಟು ಹೊರಟವರಿಗೆ ಅದು ಬೇರೆಯೇ ಲೋಕ. ಬಯಲು, ಕುರುಚಲು, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಮಾಮು ಅವರ ಮನೆಯಲ್ಲಿ ದಾವತ್. ಎಂಟು ಜೋಡಿ ಬಂದಿದ್ದವು. ಅವರಲ್ಲಿ ಎರಡು ಜೋಡಿ ಪರಸ್ಪರ ಬೀಗರಾಗುವವರು. ಒಬ್ಬರ ಮಗಳಿಗೂ ಇನ್ನೊಬ್ಬರ ಮಗನಿಗೂ ಮಾತು ನಡೆದಿತ್ತು, ತಾರೀಖು ಇನ್ನೂ ಇಟ್ಟಿರಲಿಲ್ಲ. ಹುಡುಗಿಯ ತಂದೆ ಟೈಲರ್, ಒಂದೇ ಮಿಷನ್ನಿನ ಅಂಗಡಿ. ಊಟ ಮುಗಿಯಿತು. ಹುಡುಗನ ತಾಯಿ ದೊಡ್ಡ ಪಾತ್ರೆಯ ಮುಚ್ಚಳವನ್ನು ಸೆರಗಿನಿಂದ ಒರೆಸಿ, ಅದರಲ್ಲಿ ತಮ್ಮ ಮುಖ ನೋಡಿಕೊಂಡು, ‘ನಮ್ಮ ದುಲ್ಹನ್ ಇಂಥ ಪಾತ್ರೆಯಲ್ಲಿ ಅಡುಗೆ ಮಾಡಿದರೆ ಎಷ್ಟು ಚೆನ್ನ’ ಎಂದರು. ಅಷ್ಟೇ. ಕೊಡಿ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಟೈಲರ್ ಸಾಹೇಬರು ಹೆಂಡತಿಯ ಮುಖವನ್ನೂ ನೋಡದೆ ಪೂರ್ತಿ ಸೆಟ್ ಬರೆಸಿದರು. 16,800 ರೂಪಾಯಿ. ಮುಂಗಡ 4,800, ಉಳಿದದ್ದು ತಿಂಗಳಿಗೆ ಸಾವಿರದಂತೆ ಹನ್ನೆರಡು ಕಂತು. ಆಗ ಅವರು ಒಂದು ಪ್ಯಾಂಟ್ ಹೊಲಿಯಲು ತೆಗೆದುಕೊಳ್ಳುತ್ತಿದ್ದದ್ದು 120 ರೂಪಾಯಿ. ರಾತ್ರಿ ಮಲಗಿದ ಮೇಲೆ ನಾವು ಭಾಗಿಸಿ ನೋಡಿದೆವು. 140 ಪ್ಯಾಂಟ್.

1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಈ ವಾಕ್ಯಕ್ಕೆ ಜಾಗವಿಲ್ಲ. ಕೇಳದೆ ಕೊಟ್ಟ ಉಡುಗೊರೆಗೆ ಕಾಯಿದೆ ಅವಕಾಶ ಕೊಡುತ್ತದೆ, ಅದನ್ನು ಪಟ್ಟಿ ಮಾಡಿಡಬೇಕು, ಕೊಡುವವರ ಶಕ್ತಿ ಮೀರಿರಬಾರದು ಎನ್ನುತ್ತದೆ. ಟೈಲರ್ ಒಬ್ಬರ ಶಕ್ತಿ ಎಷ್ಟು ಪ್ಯಾಂಟಿಗೆ ಮೀರುತ್ತದೆ ಎಂದು ಅಳೆಯುವವರು ಯಾರು? ನಿಕಾಹ್‌ದಲ್ಲಿ ಕೊಡಬೇಕಾದ ಮಹರ್ ವರನ ಮೇಲಿನ ಹೊಣೆ ಎಂದು ಮಸೀದಿಯಲ್ಲಿ ಹೇಳುತ್ತಾರೆ, ಎಲ್ಲರೂ ತಲೆದೂಗುತ್ತೇವೆ. ಜಹೇಜ್ ಪಟ್ಟಿ ಬರೆಯುವಾಗ ಮಸೀದಿಯವರನ್ನು ಕರೆಯುವುದಿಲ್ಲ. ಆ ವರ್ಷ ಅದೇ ಮೊಹಲ್ಲಾದ ಇನ್ನೂ ಮೂರು ಮದುವೆಗಳ ಪಟ್ಟಿಯಲ್ಲಿ ಅಲ್ಮಾರಿ, ಮಂಚದ ಕೆಳಗೆ ‘ಸೆಟ್’ ಎಂಬ ಹೊಸ ಮಾತು ಸೇರಿತು. ಆಪಾಗೆ ಅಷ್ಟು ಒಳ್ಳೆಯ ವ್ಯಾಪಾರ ಹಿಂದೆಂದೂ ಆಗಿರಲಿಲ್ಲ. ಒಂದು ಸೆಟ್ಟಿಗೆ 2,520 ರೂಪಾಯಿ. ಆ ಹಣದಲ್ಲಿ ಮಗನ ಬಾಕಿ ಫೀಸು ಕಟ್ಟಿದರು, ಎರಡು ತಿಂಗಳ ಬಾಡಿಗೆ ಕೊಟ್ಟರು. ಇದನ್ನೂ ಇಲ್ಲಿ ಬರೆಯಬೇಕು. 140 ಪ್ಯಾಂಟ್ ಹೊಲಿದವರ ಬೆವರು ಯಾವುದೋ ದೂರದ ತಿಜೋರಿಗೆ ಮಾತ್ರ ಹೋಗಲಿಲ್ಲ, ಅದರಲ್ಲೊಂದು ಪಾಲು ನಮ್ಮದೇ ಕುಟುಂಬದ ಹುಡುಗನ ಶಾಲೆಗೆ ಹೋಯಿತು.

ಚನ್ನಗಿರಿಗೆ ಬಂದ ಮೇಲೆ ನಾವು ಆಪಾ ಮುಂದೆ ಎರಡು ಮಾತು ಇಟ್ಟೆವು. ಸಂಬಂಧದ ಮಾತು ನಡೆಯುತ್ತಿರುವ ಮನೆಯವರನ್ನು ಕರೆಯುವುದಿಲ್ಲ. ಊಟದ ಸಂಜೆ ಆರ್ಡರ್ ಪುಸ್ತಕ ತೆರೆಯುವುದಿಲ್ಲ. ಬೇಕಾದವರು ಮರುದಿನ ಫೋನ್ ಮಾಡಲಿ. ಆಪಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೀವಿಬ್ಬರು ಇದ್ದೀರಿ. ಒಬ್ಬರಿಗೆ ಸರ್ಕಾರಿ ಸಂಬಳ. ನಿಯಮ ಮಾಡೋದು ನಿಮಗೆ ಹಗುರ’ ಎಂದರು. ನಾವು ಹೇಳಿದೆವು, ‘ಪಾತ್ರೆ ಒಳ್ಳೇದಿದ್ದರೆ ಮರುದಿನವೂ ಒಳ್ಳೇದೇ ಇರುತ್ತೆ ಆಪಾ.’ ಅವರು ನಕ್ಕರು. ‘ಪಾತ್ರೆ ಇರುತ್ತೆ. ಬಿರಿಯಾನಿ ಘಮ ಮರುದಿನ ಇರುತ್ತಾ?’ ವ್ಯಾಪಾರದ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಲಾರರು.

ಆದರೂ ಒಪ್ಪಿದರು. ಆ ಮುಂದಿನ ದಾವತ್ ಚನ್ನಗಿರಿಯಲ್ಲೇ. ಎಂಟು ಜೋಡಿ, ಅದೇ ಊಟ, ಅದೇ ಆಟ. ಹಿಂದೆ ಎಂಟು ಜೋಡಿ ಬಂದರೆ ಐದು ಆರ್ಡರ್ ಖಂಡಿತ. ಈ ಸಲ ಮರುದಿನ ಫೋನ್ ಬಂದದ್ದು ಎರಡು. ಉಳಿದ ಆರು ಮನೆಗಳಲ್ಲಿ ರಾತ್ರಿ ದೀಪ ಆರಿದ ಮೇಲೆ ಏನು ಮಾತಾಯಿತೋ, ನಕ್ಕೋ ಎಂಬ ಮಾತು ಅಲ್ಲಿ ಸಲೀಸಾಗಿ ಬಂದಿರಬೇಕು. ಎರಡು ಆರ್ಡರ್ ಕೊಟ್ಟವರು ಇಂದಿಗೂ ಆ ಪಾತ್ರೆಗಳನ್ನು ಬಳಸುತ್ತಾರೆ, ಹೊಗಳುತ್ತಾರೆ. ಆಪಾಳ ಕೈಗೆ ಬಂದ ಹಣ ಮಾತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಇನ್ನೊಂದು ದಾವತ್ ಹೊನ್ನಾಳಿಯಲ್ಲಿ ಹಾಗೆಯೇ ನಡೆಸಿದೆವು. ಆಮೇಲೆ ಆಪಾ ನಮ್ಮನ್ನು ಕೇಳಲಿಲ್ಲ. ದಾವಣಗೆರೆಯಲ್ಲಿ ಬೇರೊಂದು ಜೋಡಿಯ ಮನೆ ಹುಡುಕಿಕೊಂಡರು. ಒಂದು ವರ್ಷ ನಮ್ಮ ಮನೆಗೆ ಈದ್‌ಗೂ ಬರಲಿಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಪಾತ್ರೆ ಮಾರುವುದಕ್ಕಿಂತ ಪಾತ್ರೆ ಮಾರುವವರನ್ನು ಸೇರಿಸಿ ಎಂದು ಕಂಪನಿ ಹೇಳತೊಡಗಿತು. ಆಪಾ ಕೆಳಗೆ ನಾಲ್ಕು ಜೋಡಿ, ಆ ನಾಲ್ಕರ ಕೆಳಗೆ ಹದಿನಾರು. ಪ್ರತಿ ಜೋಡಿ ಸೇರುವಾಗ ಒಂದು ಪ್ರಾತ್ಯಕ್ಷಿಕೆ ಸೆಟ್ ಕೊಳ್ಳಬೇಕು. ಆಪಾ ಆ ಲೆಕ್ಕವನ್ನು ಮಗನ ನೋಟ್‌ಬುಕ್ಕಿನಲ್ಲಿ ಬಿಡಿಸಿ ನೋಡಿದರಂತೆ. ಇನ್ನು ಕೆಲವೇ ಸಾಲುಗಳಲ್ಲಿ ದಾವಣಗೆರೆಯ ಜೋಡಿಗಳು ಸಾಲದೆ ಹೋಗುತ್ತವೆ ಎಂದು ಹುಡುಗ ಹೇಳಿದ. ಅವರು ಬಿಟ್ಟರು. 2012ರಲ್ಲಿ ಆ ಕಂಪನಿಯ ಡಿಪೋಗೆ ಬೀಗ ಬಿತ್ತು. ಜೀವನಪರ್ಯಂತ ಗ್ಯಾರಂಟಿ ಎಂದು ಬರೆದಿದ್ದ ಕಾರ್ಡಿನಲ್ಲಿ ಯಾರ ಜೀವನ ಎಂದು ಬರೆದಿರಲಿಲ್ಲ. ಹೀಗೆ ಕೊಂಡಿಗೆ ಕೊಂಡಿ ಸೇರಿಸುವ ಯೋಜನೆಗಳನ್ನು 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳು ನಿಷೇಧಿಸಿವೆ. ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗಬಾರದು ಎಂದೂ ಇದೆ. ಒಳ್ಳೆಯದೇ. ಆದರೆ ಪಾತ್ರೆ ದಾವತ್‌ನಲ್ಲಿ ಮಾರುವವರು ಗ್ರಾಹಕರ ಮನೆಗೆ ಹೋಗುವುದಿಲ್ಲ. ಗ್ರಾಹಕರೇ ಒಳ್ಳೆ ಬಟ್ಟೆ ತೊಟ್ಟು, ಮಕ್ಕಳ ಕೈ ಹಿಡಿದು, ಗೆಳೆಯರ ಮನೆಗೆ ಬರುತ್ತಾರೆ. ಈಗ ಪಾತ್ರೆಯ ಜಾಗಕ್ಕೆ ನೀರಿನ ಯಂತ್ರ, ಶಕ್ತಿಯ ಪುಡಿ, ವಿಮೆ ಬಂದಿವೆ. ‘ಜೋಡಿಯಾಗಿ ಬನ್ನಿ’ ಎಂಬ ಕರೆ ವಾಟ್ಸಾಪ್‌ನಲ್ಲಿ ಬರುತ್ತದೆ.

ಆಪಾ ಈಗ ದಾವಣಗೆರೆಯಲ್ಲಿ ಕಾಲೇಜು ಹುಡುಗರಿಗೆ ಊಟದ ಡಬ್ಬಿ ಕಳಿಸುತ್ತಾರೆ. ದಿನಕ್ಕೆ ನಲವತ್ತು ಡಬ್ಬಿ. ಅಡುಗೆ ಮಾಡುವುದು ದೊಡ್ಡ ಅಲ್ಯುಮಿನಿಯಂ ಪಾತ್ರೆಗಳಲ್ಲಿ, ಖಟ್ಟಾ ಮಾತ್ರ ಸ್ಟೀಲಿನಲ್ಲಿ. ಸೋಡಾ ಪರೀಕ್ಷೆ ನೆನಪಿಸಿದರೆ ಸೌಟು ಎತ್ತಿ ಹೊಡೆಯಲು ಬರುತ್ತಾರೆ. ಮಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ. ಮುನಿಸು ಎಂದೋ ಹೋಗಿದೆ.

ಟೈಲರ್ ಸಾಹೇಬರ ಮಗಳು ಹೋದ ವರ್ಷ ಗಂಡನೊಡನೆ ದಾವಣಗೆರೆಗೆ ಬಾಡಿಗೆಗೆ ಬಂದಳು. ಅತ್ತೆ ಆ ಸೆಟ್ಟನ್ನು ಇಷ್ಟು ವರ್ಷ ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದರಂತೆ. ಒಳ್ಳೆಯ ಪಾತ್ರೆ, ದಿನಾ ಬಳಸಿದರೆ ಹಾಳಾಗುತ್ತದೆ ಎಂದು. ಆಪಾಳ ನಂಬರ್ ಹುಡುಕಿಕೊಂಡು ಗಂಡ ಹೆಂಡತಿ ಇಬ್ಬರೂ ಕವರ್ ಸಮೇತ ಬಂದಿದ್ದರು. ನಾವೂ ಅಂದು ಅಲ್ಲಿದ್ದೆವು. ಆಪಾ ಬಾಣಲೆ ಕಾಯಿಸಿ ಹುಡುಗನ ಕೈಗೆ ನೀರಿನ ಲೋಟ ಕೊಟ್ಟು, ‘ಬೆರಳದ್ದಿ ಒಂದು ಹನಿ ಬಿಡು’ ಎಂದರು. ಮೊದಲನೆಯದು ಚೊಂಯ್ ಎಂದು ಹೋಯಿತು. ಮೂರನೆಯದು ಓಡಾಡಿತು. ಅವನಿಗೆ ಖುಷಿಯಾಗಿ ಇನ್ನೂ ನಾಲ್ಕು ಹನಿ ಬಿಟ್ಟ. ದೊಡ್ಡ ಪಾತ್ರೆಯ ಹಿಡಿಕೆಯ ಸ್ಕ್ರೂ ಕಳೆದುಹೋಗಿದೆ. ಆ ಅಳತೆಯದು ಈಗ ಎಲ್ಲೂ ಸಿಗುತ್ತಿಲ್ಲ. ಮಂಡಿಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಹಳೆಯದನ್ನು ತೋರಿಸಿ ಕೇಳಿದ್ದೇವೆ. ಬುಧವಾರ ಬನ್ನಿ, ನೋಡೋಣ ಎಂದಿದ್ದಾರೆ.